ನಾಲ್ಕನೇ ಸಲಕ್ಕೆ ಕೇಸ್ ಎರಡು ತುಂಡು: ಸೈಜಿಂಗ್ ಡೈ ಎಷ್ಟು ತಿರುಗಿಸಬೇಕು?

ಗಾಳಿಬೀಡು ಹುಡುಗ · ಸೆಪ್ಟೆಂಬರ್ 1, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕೊಡಗಿನ ಕೋವಿ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಅಂತ ಮೂರು ವಾರ ರಜೆ ಹಾಕಿ ಊರಿಗೆ ಬಂದಿದ್ದೇನೆ. ಕೆಲಸ ಕೆನಡಾದ ಆಲ್ಬರ್ಟಾದಲ್ಲಿ. ಅಲ್ಲಿ ಲೈಸೆನ್ಸ್ ಮಾಡಿಸಿ ಒಂದು .308 ವಿಂಚೆಸ್ಟರ್ ಬೋಲ್ಟ್ ರೈಫಲ್ ಇಟ್ಟುಕೊಂಡಿದ್ದೇನೆ. ಶನಿವಾರ ರೇಂಜಿಗೆ ಹೋಗಿ ಕಾಗದಕ್ಕೆ ಹೊಡೆಯುವುದು, ಅಷ್ಟೇ. ತೋಟಾ ಅಲ್ಲೂ ದುಬಾರಿ. ಅದಕ್ಕೆ ಒಂದೂವರೆ ವರ್ಷದಿಂದ ಹೊಡೆದ ತೋಟಾದ ಖಾಲಿ ಹಿತ್ತಾಳೆ ಕವಚಗಳನ್ನೇ, ಅಂದರೆ ಕೇಸ್‌ಗಳನ್ನೇ ಮತ್ತೆ ತುಂಬಿಸಿಕೊಳ್ಳುತ್ತಿದ್ದೇನೆ.

ಹೊರಡುವ ಹಿಂದಿನ ವಾರ ಹೀಗಾಯಿತು. ಹೊಡೆದೆ, ಬೋಲ್ಟ್ ಎಳೆದೆ. ಹೊರಗೆ ಬಂದಿದ್ದು ಕೇಸಿನ ಬುಡ ಮಾತ್ರ, ಹೆಬ್ಬೆರಳಿನ ಉಗುರಿನಷ್ಟು ಉದ್ದ. ಉಳಿದದ್ದು ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಗೂಡು) ಒಳಗೇ ಕೂತಿತ್ತು. ಅದನ್ನು ತೆಗೆಸಲು ರೇಂಜಿನವರ ಹತ್ತಿರ ಮುರಿದ ಕೇಸ್ ಎಳೆಯುವ ಸಾಧನ ಕೇಳಿ ತರಬೇಕಾಯಿತು. ನನಗೇನೂ ಆಗಲಿಲ್ಲ, ಕೋವಿಗೂ ಆಗಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅದು ನಾಲ್ಕನೇ ಸಲ ಹೊಡೆದ ಕೇಸ್. ಮದ್ದು ಪುಸ್ತಕದಲ್ಲಿರುವ ಕಡಿಮೆ ಅಳತೆಯದೇ, ಜಾಸ್ತಿ ಹಾಕಿಲ್ಲ. ಸೈಜಿಂಗ್ ಡೈ (ಹೊಡೆದು ಉಬ್ಬಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಪ್ರೆಸ್ಸಿಗೆ ಕೂರಿಸಿದ್ದು ಡಬ್ಬಿಯಲ್ಲಿ ಬಂದ ಚೀಟಿ ಹೇಳಿದ ಹಾಗೆ: ರ‍್ಯಾಮ್ (ಪ್ರೆಸ್ಸಿನ ದಂಡ) ಮೇಲೆತ್ತಿ, ಡೈ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್‌ಗೆ ತಾಗುವವರೆಗೆ ತಿರುಗಿಸಿ, ಆಮೇಲೆ ಇನ್ನೊಂದು ಕಾಲು ಸುತ್ತು. ಎಲ್ಲಿ ತಪ್ಪಿದೆ?

ಮನೆಯಲ್ಲಿ ಮಾವನಿಗೆ ಹೇಳಿದರೆ "ಕೇಪಿನ ಕೋವಿಗೆ (ಬಾಯಿಯಿಂದ ಮದ್ದು ತುಂಬುವುದು, ಕೇಸೇ ಇಲ್ಲ) ಈ ತಲೆನೋವೇ ಇಲ್ಲ" ಅಂತ ನಕ್ಕರು.

---

ತೋಕ್‌ಪೂ · ಸೆಪ್ಟೆಂಬರ್ 1, ರಾತ್ರಿ 10:15

ಮುರಿದ ಕೇಸಿನ ಫೋಟೋ ಹಾಕಿ. ಮತ್ತೆ ಖಾಲಿ ಕೇಸ್ ಬ್ಯಾಗಿನಲ್ಲಿ ತಂದಿಲ್ಲ ತಾನೇ? ವಿಮಾನ ನಿಲ್ದಾಣದಲ್ಲಿ ಖಾಲಿ ಇದ್ದರೂ ಪೇಚಾಟ.

---

ಗಾಳಿಬೀಡು ಹುಡುಗ · ಸೆಪ್ಟೆಂಬರ್ 1, ರಾತ್ರಿ 10:22

ತಂದಿಲ್ಲ ಅಕ್ಕ. ಫೋಟೋ ಮತ್ತು ನನ್ನ ನೋಟ್‌ಬುಕ್ ಮಾತ್ರ. ಪ್ರೆಸ್, ಡೈ ಎಲ್ಲ ಅಲ್ಲೇ ಇದೆ.

---

ಹಾರಂಗಿ · ಸೆಪ್ಟೆಂಬರ್ 2, ಬೆಳಿಗ್ಗೆ 6:50

ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಚರ್ಚೆ ಮುಂದುವರಿಸಿ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ. ಅಂದರೆ ಕೋವಿ ಇಟ್ಟುಕೊಳ್ಳುವುದು, ಒಯ್ಯುವುದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ತೋಟಾ ತಯಾರಿಸುವುದು 5ನೇ ಸೆಕ್ಷನ್‌ನಲ್ಲಿ ಬರುತ್ತದೆ. ಅದಕ್ಕೆ ನಮ್ಮ ವಿನಾಯಿತಿ ಮುಟ್ಟುವುದಿಲ್ಲ. "ನಮಗೆ ಲೈಸೆನ್ಸೇ ಬೇಡ" ಅಂತ ಮನೆಯ ಅಟ್ಟದಲ್ಲಿ ಪ್ರೆಸ್ ಹಾಕಿಕೊಂಡು ಕೂರಬೇಡಿ. ಹುಡುಗ ಕೆನಡಾದಲ್ಲಿ ಮಾಡುತ್ತಿದ್ದಾನೆ, ಅಲ್ಲಿನ ಕಾನೂನು ಬೇರೆ.

---

ಹಳೇ ಆರ್ಮರರ್ · ಸೆಪ್ಟೆಂಬರ್ 2, ಬೆಳಿಗ್ಗೆ 7:30

ತಮ್ಮಾ, ಫೋಟೋ ಬೇಡ. ಬುಡದಿಂದ ಒಂದು ಸೆಂಟಿಮೀಟರ್ ಮೇಲೆ ಸುತ್ತಲೂ ನೇರವಾಗಿ ಕತ್ತರಿಸಿದ ಹಾಗೆ ಮುರಿದಿರುತ್ತದೆ. ಹೌದಾ?

---

ಗಾಳಿಬೀಡು ಹುಡುಗ · ಸೆಪ್ಟೆಂಬರ್ 2, ಬೆಳಿಗ್ಗೆ 7:41

ಹೌದು ಸರ್! ಬ್ಲೇಡಿನಲ್ಲಿ ಕುಯ್ದ ಹಾಗೆ.

---

ಹಳೇ ಆರ್ಮರರ್ · ಸೆಪ್ಟೆಂಬರ್ 2, ಬೆಳಿಗ್ಗೆ 8:20

ಹಾಗಾದರೆ ಮದ್ದಿನ ತಪ್ಪಲ್ಲ, ಡೈ ಕೂರಿಸಿದ್ದರ ತಪ್ಪು. ನಿಧಾನವಾಗಿ ಓದು.

ಕೇಸ್ ಹಿತ್ತಾಳೆಯದು. ನೂರಕ್ಕೆ 70 ತಾಮ್ರ, 30 ಸತು. ಹೊಡೆದಾಗ ಉಬ್ಬಿ ಚೇಂಬರಿನ ಗೋಡೆಗೆ ಅಂಟುತ್ತದೆ, ಒತ್ತಡ ಇಳಿದ ಮೇಲೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಹೊರಗೆ ಬಂದ ಕೇಸ್ ಅಂದರೆ ನಿನ್ನ ಚೇಂಬರಿನ ಅಚ್ಚು ಅಂತಲೇ ಇಟ್ಟುಕೋ. ಬೇರೆ ಯಾರ ಚೇಂಬರಿನದೂ ಅಲ್ಲ.

ನೀನು ಅದನ್ನು ಡೈಗೆ ಹಾಕಿ ಹೆಗಲನ್ನು (ಕೇಸ್ ಕತ್ತಿನ ಕಡೆಗೆ ಕಿರಿದಾಗುವ ಇಳಿಜಾರು) ಬೇಕಾದ್ದಕ್ಕಿಂತ ಹಿಂದಕ್ಕೆ ತಳ್ಳಿದ್ದೀಯ. ಈಗ ಕೇಸ್ ಚೇಂಬರಿಗಿಂತ ಗಿಡ್ಡ. ಟ್ರಿಗರ್ ಒತ್ತಿದಾಗ ಫೈರಿಂಗ್ ಪಿನ್ ಅದನ್ನು ಮುಂದೆ ದೂಡುತ್ತದೆ. ಹೆಗಲು ಹೋಗಿ ಚೇಂಬರಿನ ಹೆಗಲಿಗೆ ತಾಗಿ ನಿಲ್ಲುತ್ತದೆ, ಬುಡದ ಹಿಂದೆ ಸಂದು ಉಳಿಯುತ್ತದೆ. ಮದ್ದು ಉರಿದ ಕೂಡಲೇ ಕೇಸಿನ ಮುಂದಿನ ತೆಳು ಗೋಡೆ ಚೇಂಬರನ್ನು ಕಚ್ಚಿ ಹಿಡಿಯುತ್ತದೆ. ಬುಡ ದಪ್ಪ, ಅದು ಕಚ್ಚುವುದಿಲ್ಲ. ಒತ್ತಡಕ್ಕೆ ಹಿಂದೆ ಸರಿದು ಬೋಲ್ಟಿಗೆ ಬಡಿಯುತ್ತದೆ. ಮುಂದಿನ ಅರ್ಧ ಅಲ್ಲೇ, ಹಿಂದಿನ ಅರ್ಧ ಇಲ್ಲಿಗೆ. ಮಧ್ಯದಲ್ಲಿ ಹಿಗ್ಗಲೇಬೇಕಲ್ಲ? ತೆಳು ಗೋಡೆ ದಪ್ಪ ಬುಡಕ್ಕೆ ಸೇರುವ ಜಾಗದಲ್ಲಿ ಹಿಗ್ಗುತ್ತದೆ. ನೀನು ಮತ್ತೆ ಡೈಗೆ ಹಾಕಿ ಗಿಡ್ಡ ಮಾಡುತ್ತೀಯ, ಮತ್ತೆ ಹೊಡೆಯುತ್ತೀಯ, ಮತ್ತೆ ಅದೇ ಜಾಗ ಹಿಗ್ಗುತ್ತದೆ. ನಾಲ್ಕು ಸಲಕ್ಕೆ ಮುರಿದಿದೆ.

ಉಳಿದ ಕೇಸ್‌ಗಳನ್ನು ಹೀಗೆ ನೋಡು. ಒಂದು ಪೇಪರ್ ಕ್ಲಿಪ್ ನೇರ ಮಾಡು. ತುದಿಯನ್ನು ಎರಡು ಮಿಲಿಮೀಟರ್ ಕೊಕ್ಕೆಯ ಹಾಗೆ ಬಗ್ಗಿಸಿ ಅರದಲ್ಲಿ ಚೂಪು ಮಾಡು. ಕೇಸಿನ ಒಳಗೆ ಬುಡದವರೆಗೆ ಇಳಿಸಿ, ಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆ ಎಳೆ. ಸುಮ್ನೆ ಜಾರಿಕೊಂಡು ಬಂದರೆ ಸರಿ. ಬುಡದ ಹತ್ತಿರ ಒಂದು ಚರಂಡಿಗೆ ಬಿದ್ದ ಹಾಗೆ ಟಕ್ ಅಂತ ಸಿಕ್ಕಿದರೆ ಆ ಕೇಸ್ ಗುಜರಿಗೆ. ಹೊರಗಿನ ಹೊಳಪು ಗೆರೆ ನೋಡಿ ಮಾತ್ರ ತೀರ್ಮಾನ ಮಾಡಬೇಡ. ಡೈಯ ಬಾಯಿ ಎಲ್ಲಿವರೆಗೆ ಇಳಿದಿದೆಯೋ ಅಲ್ಲೂ ಒಂದು ಗೆರೆ ಬೀಳುತ್ತದೆ. ಅದರಿಂದ ಅಪಾಯವಿಲ್ಲ.

---

ಲೇತ್ ಕುಶಾಲನಗರ · ಸೆಪ್ಟೆಂಬರ್ 2, ಮಧ್ಯಾಹ್ನ 1:10

ಕೋವಿ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಥ್ರೆಡ್ ಗೊತ್ತು. ಆ ಡೈಗಳ ಥ್ರೆಡ್ 7/8 ಇಂಚು, ಇಂಚಿಗೆ 14. ಒಂದು ಪೂರ್ತಿ ಸುತ್ತಿಗೆ ಡೈ ಇಳಿಯುವುದು 71 ಥೌ (ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ಥೌ ಅನ್ನುತ್ತೇವೆ), ಅಂದರೆ 1.8 ಮಿ.ಮೀ. ಕಾಲು ಸುತ್ತು ಅಂದರೆ 18 ಥೌ! ನಿಮಗೆ ಎಷ್ಟು ಬೇಕಿತ್ತು?

---

ಹಳೇ ಆರ್ಮರರ್ · ಸೆಪ್ಟೆಂಬರ್ 2, ಮಧ್ಯಾಹ್ನ 2:05

ಬೋಲ್ಟ್ ರೈಫಲ್‌ಗೆ ಹೆಗಲು ಹಿಂದೆ ಹೋಗಬೇಕಾದ್ದು 1ರಿಂದ 2 ಥೌ. ತಾನಾಗಿ ತುಂಬಿಕೊಳ್ಳುವ ಬಂದೂಕಿಗೆ 3ರಿಂದ 5.

ಆದರೆ 18 ಥೌ ಲೆಕ್ಕ ಹಾಗೇ ಹಿಡಿಯಬೇಡಿ. ಡೈ ಶೆಲ್ ಹೋಲ್ಡರ್‌ಗೆ ತಾಗಿದ ಮೇಲೆ ಕಬ್ಬಿಣದೊಳಗೆ ಕಬ್ಬಿಣ ಇಳಿಯುವುದಿಲ್ಲ. ಆ ಕಾಲು ಸುತ್ತು ಪ್ರೆಸ್ಸಿನ ಸಡಿಲ ಹೀರಿಕೊಳ್ಳುವುದಕ್ಕೆ. ಕೇಸ್ ಇಲ್ಲದಾಗ ತಾಗುವ ಡೈ, ಕೇಸ್ ಹಾಕಿ ಒತ್ತಿದಾಗ ಪ್ರೆಸ್ ಬಾಗಿ ಒಂದು ಸಣ್ಣ ಬೆಳಕಿನ ಸಂದು ಬಿಡುತ್ತದೆ. ಕಾಲು ಸುತ್ತು ಕೊಟ್ಟರೆ ಸಂದು ಮುಚ್ಚಿ, ಡೈ ಎಷ್ಟು ಒತ್ತಬಲ್ಲದೋ ಅಷ್ಟೂ ಒತ್ತುತ್ತದೆ. ಚೀಟಿ ಬರೆದವರಿಗೆ ಬೇಕಾದ್ದೂ ಅದೇ. ಅವರಿಗೆ ನಿನ್ನ ರೈಫಲ್ ಗೊತ್ತಿಲ್ಲ. ಲೋಕದಲ್ಲಿರುವ ಅತಿ ಚಿಕ್ಕ ಚೇಂಬರಿಗೂ ತೋಟಾ ಹೊಕ್ಕರೆ ಸಾಕು, ದೂರು ಬರುವುದಿಲ್ಲ.

---

ಲೇತ್ ಕುಶಾಲನಗರ · ಸೆಪ್ಟೆಂಬರ್ 2, ಮಧ್ಯಾಹ್ನ 2:12

ಒಪ್ಪಿದೆ ಸರ್. ಮೆಷಿನ್ ಬಾಗುವುದನ್ನು ಮರೆತಿದ್ದೆ. ಲೇತಿನಲ್ಲಿ ದಿನಾ ನೋಡುತ್ತೇನೆ, ಆದರೂ.

---

ಮೂರ್ನಾಡು ಕಾಫಿ · ಸೆಪ್ಟೆಂಬರ್ 2, ಸಂಜೆ 6:30

ನಾನು ಬಂದೂಕು ಮುಟ್ಟುವುದು ವರ್ಷಕ್ಕೊಂದು ಸಲ, ಹೂವು ಇಡುವುದಕ್ಕೆ. ಆದರೆ ಇದು ನಮ್ಮ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕಥೆಯೇ ಅಲ್ವಾ?

ಹೊಸ ಪಲ್ಪರ್ ಬಂದ ವರ್ಷ ಕೂರಿಸಿಕೊಟ್ಟವನು ಗ್ಯಾಪ್ ಸೆಟ್ ಮಾಡಿ "ಇನ್ನು ಮುಟ್ಟಬೇಡಿ" ಅಂದು ಹೋದ. ನಾವೂ ಮುಟ್ಟಲಿಲ್ಲ. ಮೊದಲ ಕುಯ್ಲಿನ ಅರೇಬಿಕಾ ಚೆನ್ನಾಗಿ ಹೋಯಿತು. ಎರಡನೇ ಕುಯ್ಲಿಗೆ ಕೆಳಗಿನ ತೋಟದ ದಪ್ಪ ಹಣ್ಣು ಬಂತು. ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿದ ಬೀಜ) ಕೈಯಲ್ಲಿ ಹಿಡಿದು ನೋಡಿದರೆ ಹತ್ತರಲ್ಲಿ ಮೂರು ಬೀಜ ಕಟ್! ಗ್ಯಾಪ್ ಜಾಸ್ತಿ ಮಾಡಿದರೆ ಹಣ್ಣು ಹಣ್ಣಾಗೇ ಹೊರಗೆ. ಈಗ ಪ್ರತಿ ಕುಯ್ಲಿಗೆ ಒಂದು ಬಕೆಟ್ ಹಣ್ಣು ಹಾಕಿ, ಬೀಜ ನೋಡಿ, ಸ್ಕ್ರೂ ತಿರುಗಿಸಿ, ಮತ್ತೆ ಒಂದು ಬಕೆಟ್. ಪುಸ್ತಕದ ಅಳತೆ ಪುಸ್ತಕದಲ್ಲೇ.

---

ಹಳೇ ಆರ್ಮರರ್ · ಸೆಪ್ಟೆಂಬರ್ 2, ಸಂಜೆ 7:02

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ ತಾಯಿ.

ಸೈನ್ಯದಲ್ಲೂ ಹೀಗೇ. ತಾನಾಗಿ ತುಂಬಿಕೊಳ್ಳುವ ರೈಫಲ್ ಎಸ್‌ಎಲ್‌ಆರ್‌ಗೆ ಲಾಕಿಂಗ್ ಶೋಲ್ಡರ್ ಅಂತ, ಬೋಲ್ಟನ್ನು ಹಿಂದಿನಿಂದ ತಡೆಹಿಡಿಯುವ ಒಂದು ಸಣ್ಣ ಉಕ್ಕಿನ ತುಂಡು. ಬೇರೆ ಬೇರೆ ಅಳತೆಯಲ್ಲಿ ಬರುತ್ತಿತ್ತು. ಗೇಜ್ ಹಾಕಿ ನೋಡಿ ಆ ಬಂದೂಕಿಗೆ ಹೊಂದುವುದನ್ನು ಹುಡುಕಿ ಕೂರಿಸಬೇಕು. ಹಳೆಯ .303ರ 4ನೇ ನಂಬರ್ ರೈಫಲ್‌ಗೆ ಬೋಲ್ಟ್ ಹೆಡ್‌ಗಳೇ 0ಯಿಂದ 3ರವರೆಗೆ ನಂಬರ್ ಹಾಕಿ ಬರುತ್ತಿದ್ದವು. ಒಂದೇ ಕಾರ್ಖಾನೆ, ಒಂದೇ ಮಾದರಿ, ಆದರೂ ಒಂದೊಂದೂ ಬೇರೆ.

---

ತೋಕ್‌ಪೂ · ಸೆಪ್ಟೆಂಬರ್ 2, ರಾತ್ರಿ 8:45

ಹುಡುಗನಿಗೆ ಅಳೆಯುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ. (ದುಬೈನಲ್ಲಿ ಹತ್ತು ವರ್ಷ ಇದ್ದಾಗ ಕ್ಲಬ್ಬಿನಲ್ಲಿ ಕಲಿತದ್ದು, ಸ್ವಂತಕ್ಕೆ ಮಾಡಿಲ್ಲ.)

ವರ್ನಿಯರ್ ಕ್ಯಾಲಿಪರ್‌ಗೆ ಸಿಕ್ಕಿಸುವ ಹೆಡ್‌ಸ್ಪೇಸ್ ಕಂಪೇರೇಟರ್ ತಗೊಳ್ಳಿ. ತೂತು ಇರುವ ಒಂದು ಬುಶ್ ಅಷ್ಟೇ ಅದು. .308ಕ್ಕೆ ಹೆಗಲಿನ ಮೇಲೆ 0.400 ಇಂಚು ಅಗಲ ಇರುವ ಜಾಗವೇ ಅಳತೆಯ ಗೆರೆ. ಬುಡದಿಂದ ಅಲ್ಲಿವರೆಗಿನ ಉದ್ದ ಓದುತ್ತೀರಿ. ಚೇಂಬರ್ ಪರೀಕ್ಷಿಸುವ ಗೋ ಗೇಜ್ (ಬೋಲ್ಟ್ ಮುಚ್ಚಬೇಕು) 1.630 ಇಂಚು, ನೋ-ಗೋ (ಮುಚ್ಚಬಾರದು) 1.634. ಆದರೆ ನಿಮ್ಮ ಕಂಪೇರೇಟರ್ ಅದೇ ಅಂಕಿ ತೋರಿಸಬೇಕಂತಿಲ್ಲ, ಅಂಚು ಸ್ವಲ್ಪ ಸವೆದಿದ್ದರೂ ಬೇರೆ ಬರುತ್ತದೆ. ಹೊಡೆದ ಕೇಸಿಗೂ ಡೈಯಿಂದ ಬಂದ ಕೇಸಿಗೂ ಇರುವ ವ್ಯತ್ಯಾಸ ಮಾತ್ರ ನಂಬಿ.

ಮುಖ್ಯ: ಅಳೆಯುವ ಮೊದಲು ಹಳೆ ಪ್ರೈಮರ್ (ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು) ತೆಗೆಯಿರಿ. ಪಿನ್ ಹೊಡೆದ ಗುಳಿಯ ಅಂಚು ಎದ್ದಿರುತ್ತದೆ, ಅದು ಕ್ಯಾಲಿಪರ್‌ಗೆ ತಾಗಿ 2-3 ಥೌ ಸುಳ್ಳು ಹೇಳುತ್ತದೆ. ನಾನು ಒಂದು ಮಧ್ಯಾಹ್ನ ಪೂರ್ತಿ ಇದರಲ್ಲೇ ಕಳೆದಿದ್ದೆ.

---

ಗಾಳಿಬೀಡು ಹುಡುಗ · ಸೆಪ್ಟೆಂಬರ್ 3, ರಾತ್ರಿ 11:00

ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ಕೋವಿಗಳಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಆಯಿತು, ಮಧ್ಯಾಹ್ನ ಕಡಂಬುಟ್ಟು, ಪಂದಿ ಕರಿ. ಸಂಜೆ ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆಯಲ್ಲಿ ಮಾವನ ಜೋಡಿ ನಳಿಗೆಯಲ್ಲಿ ಮೂರೂ ತಪ್ಪಿದೆ. ಆರನೇ ಕ್ಲಾಸಿನ ಹುಡುಗಿ ಒಂದೇ ಏಟಿಗೆ ಒಡೆದಳು. ಅದನ್ನು ಇಲ್ಲಿ ಹೇಳದಿದ್ದರೆ ಅವಳೇ ಬಂದು ಹೇಳುತ್ತಾಳೆ.

ಒಂದು ಡೌಟ್. ಪೂರ್ತಿ ಸೈಜ್ ಮಾಡುವುದೇ ಬಿಟ್ಟು ಬರೀ ಕತ್ತು ಸೈಜ್ ಮಾಡಿದರೆ? ಹೆಗಲು ಮುಟ್ಟುವುದೇ ಬೇಡ ಅಲ್ವಾ?

---

ಹಳೇ ಆರ್ಮರರ್ · ಸೆಪ್ಟೆಂಬರ್ 4, ಬೆಳಿಗ್ಗೆ 6:15

ಎರಡು ಮೂರು ಸಲ ನಡೆಯುತ್ತದೆ. ಆಮೇಲೆ ಕೇಸ್ ಪೂರ್ತಿ ಚೇಂಬರಿನಷ್ಟೇ ಆಗಿ ಬೋಲ್ಟ್ ಹಾಕಲು ತೊಡೆ ಮೇಲಿಟ್ಟು ಗುದ್ದಬೇಕಾಗುತ್ತದೆ. ಕೊನೆಗೆ ಅದೇ ಡೈಗೆ ಬರುತ್ತೀಯ. ಈಗಲೇ ಸರಿಯಾಗಿ ಕೂರಿಸುವುದು ಕಲಿ.

---

ಮೂರ್ನಾಡು ಕಾಫಿ · ಸೆಪ್ಟೆಂಬರ್ 4, ಬೆಳಿಗ್ಗೆ 9:20

ಡೈಗೆ ಹಾಕುವ ಮೊದಲು ಎಣ್ಣೆ ಹಚ್ಚುತ್ತಾರಂತೆ? ತೆಂಗಿನೆಣ್ಣೆ ನಡೆಯುತ್ತಾ? ಕುತೂಹಲಕ್ಕೆ ಕೇಳಿದೆ.

---

ಗಾಳಿಬೀಡು ಹುಡುಗ · ಸೆಪ್ಟೆಂಬರ್ 4, ಬೆಳಿಗ್ಗೆ 9:45

ನಾನು ಮಾಡಿ ನೋಡಿದ್ದೇನೆ ಅಕ್ಕ, ನಗಬೇಡಿ. ಮೂರನೇ ಕೇಸ್ ಡೈ ಒಳಗೆ ಕಚ್ಚಿಕೊಂಡಿತು. ಹಿಡಿಕೆಗೆ ಜೋತುಬಿದ್ದೆ, ಬುಡದ ಅಂಚು ಕಿತ್ತು ಬಂತು, ಕೇಸ್ ಒಳಗೇ. ಬುಡಕ್ಕೆ ಡ್ರಿಲ್ ಹಾಕಿ, ಟ್ಯಾಪ್ ಹೊಡೆದು, ಬೋಲ್ಟ್ ಹಾಕಿ ಎಳೆಯಬೇಕಾಯಿತು. ಆ ಒತ್ತಡಕ್ಕೆ ಅಡುಗೆ ಎಣ್ಣೆಯ ಪದರ ನಿಲ್ಲುವುದಿಲ್ಲ. ಕುರಿ ಉಣ್ಣೆಯಿಂದ ತೆಗೆದ ಲ್ಯಾನೋಲಿನ್ ಬೇಕು. ಅದೂ ಹೆಗಲಿಗೆ ಜಾಸ್ತಿ ಹಚ್ಚಿದರೆ ಎಣ್ಣೆ ಹೋಗಲು ದಾರಿಯಿಲ್ಲದೆ ಕೇಸಿನಲ್ಲಿ ಗುಳಿ ಬೀಳುತ್ತದೆ.

---

ಗಾಳಿಬೀಡು ಹುಡುಗ · ಅಕ್ಟೋಬರ್ 5, ರಾತ್ರಿ 8:10

ವಾಪಸ್ ಬಂದು ಅಳೆದೆ. ಹಳೆಯ ಅರವತ್ತು ಕೇಸ್‌ಗಳಲ್ಲಿ ಕ್ಲಿಪ್ ಹಾಕಿ ನೋಡಿದೆ. ನಲವತ್ತೊಂದರಲ್ಲಿ ಆ ಚರಂಡಿ ಸಿಕ್ಕಿತು. ಮೊದಲನೆಯದರಲ್ಲಿ ಕೈಗೆ ಗೊತ್ತಾದ ಕೂಡಲೇ ಬೆವರು ಬಂತು. ಎಲ್ಲವನ್ನೂ ಇಕ್ಕಳದಲ್ಲಿ ಜಜ್ಜಿ ಎಸೆದೆ. ಉಳಿದ ಹತ್ತೊಂಬತ್ತನ್ನೂ ಎಸೆದೆ.

ಹೊಸ ಡಬ್ಬಿ ಒಡೆದು ಇಪ್ಪತ್ತು ಹೊಡೆದೆ. ಹೊಡೆದ ಕೇಸ್: 1.633. ಹಳೆಯ ಹಾಗೆ ಕಾಲು ಸುತ್ತಿನಲ್ಲಿ ಸೈಜ್ ಮಾಡಿದ್ದು: 1.624. ಒಂಬತ್ತು ಥೌ! ಪ್ರತಿ ಸಲ ಒಂಬತ್ತು ಥೌ ಹಿಗ್ಗಿಸುತ್ತಿದ್ದೆ.

ಈಗ ತಲೆ ಕೆಡುತ್ತಿರುವ ವಿಷಯ. ಡೈಯನ್ನು ಅರ್ಧ ಸುತ್ತು ಮೇಲೆತ್ತಿ ಹೊಡೆದ ಕೇಸ್ ಹಾಕಿದೆ. ಅಳತೆ 1.636 ಬಂತು. ಹೊಡೆದದ್ದಕ್ಕಿಂತ ಉದ್ದ! ಡೈಗೆ ಹಾಕಿದರೆ ಗಿಡ್ಡ ಆಗಬೇಕಲ್ವಾ? ಬೋಲ್ಟ್ ಕೂಡ ಮುಚ್ಚುತ್ತಿಲ್ಲ. ಕ್ಯಾಲಿಪರ್ ಕೆಟ್ಟಿದೆಯಾ?

---

ಮೂರ್ನಾಡು ಕಾಫಿ · ಅಕ್ಟೋಬರ್ 6, ಬೆಳಿಗ್ಗೆ 7:05

ನೂಲ್‌ಪುಟ್ಟು ಒತ್ತಿದ್ದೀಯಾ? ಸುತ್ತಲೂ ಅಮುಕಿದರೆ ಹಿಟ್ಟು ಎಲ್ಲಿಗೆ ಹೋಗುತ್ತೆ?

---

ಹಳೇ ಆರ್ಮರರ್ · ಅಕ್ಟೋಬರ್ 6, ಬೆಳಿಗ್ಗೆ 7:40

ತಾಯಿ ಮತ್ತೆ ಸರಿಯಾಗಿ ಹೇಳಿದರು. ಡೈ ಮೊದಲು ಕೇಸಿನ ಹೊಟ್ಟೆಯನ್ನು ಸುತ್ತಲೂ ಅಮುಕುತ್ತದೆ. ಹಿತ್ತಾಳೆ ಹೋಗಲು ದಾರಿ ಮುಂದಕ್ಕೆ ಮಾತ್ರ. ಹೆಗಲು ಮುಂದೆ ಬರುತ್ತದೆ. ಡೈ ಇನ್ನೂ ಕೆಳಗೆ ಇಳಿದಾಗ ಡೈಯ ಹೆಗಲು ಕೇಸಿನ ಹೆಗಲಿಗೆ ತಾಗಿ ವಾಪಸ್ ತಳ್ಳುತ್ತದೆ. ನೀನು ನಡುವೆ ನಿಂತಿದ್ದೀಯ. ಕ್ಯಾಲಿಪರ್ ಕೆಟ್ಟಿಲ್ಲ. ಸ್ವಲ್ಪ ಸ್ವಲ್ಪವೇ ಇಳಿಸು, ಪ್ರತಿ ಸಲ ಹೊಸದಾಗಿ ಹೊಡೆದ ಕೇಸ್ ಹಾಕು. ಒಂದೇ ಕೇಸನ್ನು ಹತ್ತು ಸಲ ತುರುಕಬೇಡ.

---

ಲೇತ್ ಕುಶಾಲನಗರ · ಅಕ್ಟೋಬರ್ 6, ಬೆಳಿಗ್ಗೆ 10:30

ಸ್ವಲ್ಪ ಅಂದರೆ ಎಷ್ಟು ಅಂತ ನಾನು ಹೇಳುತ್ತೇನೆ. ಡೈ ಬಿಗಿಯುವ ನಿಮ್ಮ ಲಾಕ್ ರಿಂಗಿನ ಅಗಲ ಎಷ್ಟು? 32 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 100 ಮಿ.ಮೀ. ನೂರು ಮಿ.ಮೀ. ತಿರುಗಿದರೆ 71 ಥೌ. ಅಂದರೆ ಅಂಚಿನಲ್ಲಿ 3 ಮಿ.ಮೀ. ತಿರುಗಿಸಿದರೆ 2 ಥೌ. ರಿಂಗನ್ನು ಡೈಗೆ ಬಿಗಿ ಮಾಡಿ, ರಿಂಗಿನ ಮೇಲೊಂದು, ಪ್ರೆಸ್ ಮೇಲೊಂದು ಮಾರ್ಕರ್ ಗೆರೆ ಎಳೆಯಿರಿ. ಗೆರೆಯಿಂದ ಗೆರೆಗೆ ಸ್ಕೇಲ್ ಹಿಡಿಯಿರಿ. ನಾವು ಲೇತಿನಲ್ಲಿ ಡಯಲ್ ಇಲ್ಲದ ಕಡೆ ಹೀಗೇ ಮಾಡುವುದು.

---

ತೋಕ್‌ಪೂ · ಅಕ್ಟೋಬರ್ 6, ಮಧ್ಯಾಹ್ನ 12:15

ಇನ್ನೊಂದು. ಡೈ ಒಳಗಿನ ಎಕ್ಸ್‌ಪ್ಯಾಂಡರ್ ಉಂಡೆ (ಕತ್ತನ್ನು ಒಳಗಿನಿಂದ ಅಗಲಿಸುವುದು) ಹೊರಗೆ ಬರುವಾಗ ಕತ್ತನ್ನು ಎಳೆದು ಹೆಗಲನ್ನೂ ಮುಂದೆ ತರುತ್ತದೆ. ಕತ್ತಿನ ಒಳಗೂ ತುಸು ಲ್ಯಾನೋಲಿನ್ ಸವರಿ. ಸೆಟ್ ಮಾಡುವಾಗ ಆ ಉಂಡೆಯ ಕಡ್ಡಿಯನ್ನೇ ಬಿಚ್ಚಿಟ್ಟರೆ ಇನ್ನೂ ಒಳ್ಳೆಯದು. ಕೊನೆಗೆ ಹಾಕಿ ಮತ್ತೊಮ್ಮೆ ಅಳೆಯಿರಿ.

---

ಹಳೇ ಆರ್ಮರರ್ · ಅಕ್ಟೋಬರ್ 6, ಮಧ್ಯಾಹ್ನ 12:40

ಅಂಕಿ ಬಂದ ಮೇಲೆ ಬೋಲ್ಟನ್ನೂ ಕೇಳು. ಬೋಲ್ಟಿನಿಂದ ಫೈರಿಂಗ್ ಪಿನ್ ಜೋಡಣೆ ಬಿಚ್ಚು, ಕೇಸ್ ಹೊರಗೆ ಚಿಮ್ಮಿಸುವ ಎಜೆಕ್ಟರ್ ಸ್ಪ್ರಿಂಗ್ ಕೂಡ. ಖಾಲಿ ಕೇಸ್ ಮಾತ್ರ ಹಾಕು, ಪ್ರೈಮರ್ ಮದ್ದು ಏನೂ ಬೇಡ. ಹಿಡಿಕೆ ಬಿಟ್ಟರೆ ತನ್ನ ಭಾರಕ್ಕೇ ಧೊಪ್ಪಂತ ಬಿದ್ದರೆ ಸಂದು ಇದೆ ಅಂತ. ಬೆರಳಲ್ಲಿ ಒತ್ತಬೇಕಾದರೆ ಬಿಗಿ. ಬಿಗಿಯಿಂದ ಶುರು ಮಾಡಿ ಕೂದಲೆಳೆಯಷ್ಟು ಇಳಿಸುತ್ತಾ ಹೋಗು. ಹಿಡಿಕೆ ತಾನಾಗಿ ಬೀಳುವ ಮೊದಲ ಜಾಗವೇ ನಿನ್ನ ಜಾಗ.

---

ಗಾಳಿಬೀಡು ಹುಡುಗ · ಅಕ್ಟೋಬರ್ 12, ರಾತ್ರಿ 9:30

ಸಿಕ್ಕಿತು! 1.636, 1.635, 1.634, 1.633, 1.6315. ರಿಂಗ್ ಅಳೆದೆ, 32 ಇರಲಿಲ್ಲ, 31.5. ಹತ್ತಿರವೇ. ಕೊನೆಯದರಲ್ಲಿ ಹಿಡಿಕೆ ಮುಕ್ಕಾಲು ದಾರಿ ಬಂದು ಒಂದು ಗಳಿಗೆ ನಿಂತು, ಆಮೇಲೆ ತಾನಾಗಿ ಇಳಿಯಿತು. ಆ ಇಳಿಯುವುದನ್ನು ನೋಡಲು ಇಪ್ಪತ್ತು ಸಲ ಎತ್ತಿ ಬಿಟ್ಟಿದ್ದೇನೆ.

ಡೈ ಮತ್ತು ಶೆಲ್ ಹೋಲ್ಡರ್ ನಡುವೆ ಈಗ ಕಾಣುವ ಸಂದು ಇದೆ. ಮೊದಲು ಅದನ್ನು ನೋಡಿದ್ದರೆ ತಪ್ಪು ಅಂದುಕೊಂಡು ಮುಚ್ಚಿಬಿಡುತ್ತಿದ್ದೆ.

ಒಂದೇ ತೊಂದರೆ. ಹತ್ತು ಕೇಸ್ ಹಾಕಿದರೆ ಹತ್ತೂ ಒಂದೇ ಬರುತ್ತಿಲ್ಲ. 1.631ರಿಂದ 1.6325.

---

ತೋಕ್‌ಪೂ · ಅಕ್ಟೋಬರ್ 13, ಬೆಳಿಗ್ಗೆ 8:00

ಅಷ್ಟು ಬರುತ್ತದೆ. ಹಿಡಿಕೆ ಕೆಳಗೆ ತಂದ ಮೇಲೆ ಮೂರು ನಾಲ್ಕು ಸೆಕೆಂಡ್ ಹಾಗೇ ಹಿಡಿಯಿರಿ, ಹಿತ್ತಾಳೆ ಹಿಂದೆ ಪುಟಿಯುವುದು ಕಡಿಮೆ ಆಗುತ್ತದೆ. ಎಣ್ಣೆ ಎಲ್ಲದಕ್ಕೂ ಒಂದೇ ಹದಕ್ಕೆ ಹಚ್ಚಿ. ಬೇರೆ ಬೇರೆ ಡಬ್ಬಿಯ ಕೇಸ್ ಬೆರೆಸಬೇಡಿ.

---

ಹಳೇ ಆರ್ಮರರ್ · ಅಕ್ಟೋಬರ್ 13, ಬೆಳಿಗ್ಗೆ 8:30

ಹೊಡೆದಷ್ಟೂ ಹಿತ್ತಾಳೆ ಗಡುಸಾಗುತ್ತದೆ, ಆಗ ಡೈ ಒತ್ತಿದ್ದಕ್ಕೆ ಮೊದಲಿನ ಹಾಗೆ ಬಗ್ಗುವುದಿಲ್ಲ. ಮೂರನೇ ಸಲ ಆದ ಮೇಲೆ ಮತ್ತೆ ಅಳೆ. ಇವತ್ತಿನ ಗೆರೆ ಆ ದಿನಕ್ಕೆ ಸರಿಯಿರಬೇಕಂತಿಲ್ಲ. ಕೇಸಿನ ಒಟ್ಟು ಉದ್ದವನ್ನೂ ಬಿಡಬೇಡ, 2.015 ಇಂಚು ದಾಟಿದರೆ 2.005ಕ್ಕೆ ಟ್ರಿಮ್ ಮಾಡು. ಮತ್ತೆ ಈ ಕೇಸ್ ನಿನ್ನ ಆ ರೈಫಲ್‌ಗೆ ಮಾತ್ರ. ಸ್ನೇಹಿತ ಕೇಳಿದ ಅಂತ ಕೊಡಬೇಡ.

---

ಹಾರಂಗಿ · ಅಕ್ಟೋಬರ್ 13, ರಾತ್ರಿ 9:10

ನನ್ನ ಹತ್ತಿರ ಅಜ್ಜನ .315 ಇದೆ, ಇಶಾಪುರದ್ದು. ತುಂಬಿಸುವ ಯೋಚನೆ ಇಲ್ಲ, ಮೇಲೆ ನಾನೇ ಹೇಳಿದ್ದೇನೆ. ತಿಳಿದುಕೊಳ್ಳಲು ಕೇಳುತ್ತೇನೆ. ಅದಕ್ಕೂ ಹೆಗಲಿನ ಲೆಕ್ಕವೇನಾ?

---

ಹಳೇ ಆರ್ಮರರ್ · ಅಕ್ಟೋಬರ್ 14, ಬೆಳಿಗ್ಗೆ 6:40

ಅಲ್ಲ. ಅದರ ಕೇಸಿಗೆ ಬುಡದಲ್ಲಿ ಹೊರಗೆ ಚಾಚಿದ ರಿಮ್ ಇದೆ, .303ಕ್ಕೆ ಇದ್ದ ಹಾಗೆ. ಚೇಂಬರಿನ ಬಾಯಿಗೆ ಆ ರಿಮ್ ತಾಗಿಯೇ ತೋಟಾ ನಿಲ್ಲುವುದು. ಹೆಗಲು ಎಲ್ಲಿದ್ದರೂ ಹೊಡೆಯುತ್ತದೆ. ಹಾಗಾಗಿ ಅಂಥ ಚೇಂಬರಿನಲ್ಲಿ ಮುಂದೆ ಜಾಗ ಧಾರಾಳ. .303ರಲ್ಲಿ ಒಂದೇ ಏಟಿಗೆ ಹೆಗಲು ಮುಂದೆ ಹೋಗಿ ಕೇಸಿನ ಆಕಾರವೇ ಬದಲಾಗಿದ್ದು ನಾನು ನೋಡಿದ್ದೇನೆ. ಅಂಥದ್ದನ್ನು ಪ್ರತಿ ಸಲ ಹಿಂದೆ ತಳ್ಳುತ್ತಾ ಕೂತರೆ ಎರಡು ಮೂರು ಸಲಕ್ಕೇ ತುಂಡು.

---

ಗಾಳಿಬೀಡು ಹುಡುಗ · ನವೆಂಬರ್ 23, ಬೆಳಿಗ್ಗೆ 7:15

ನಿನ್ನೆ ಐದನೇ ಸಲ ಹೊಡೆದ ಇಪ್ಪತ್ತನ್ನೂ ಮನೆಗೆ ತಂದು ಕ್ಲಿಪ್ ಹಾಕಿ ನೋಡಿದೆ. ಒಂದರಲ್ಲೂ ಟಕ್ ಅನ್ನಲಿಲ್ಲ. ನಾಲ್ಕನೇ ಸಲದ ಹೊತ್ತಿಗೆ ಸರ್ ಹೇಳಿದ ಹಾಗೆ ಅಳತೆ 1 ಥೌ ಮೇಲೆ ಹೋಗಿತ್ತು, ರಿಂಗನ್ನು ಒಂದೂವರೆ ಮಿ.ಮೀ. ಇಳಿಸಿದ್ದೆ. ಪ್ರೆಸ್ ಮೇಲೆ ಈಗ ಮೂರು ಗೆರೆ ಇವೆ, ಪಕ್ಕದಲ್ಲಿ ತಾರೀಖು.

ಹುತ್ತರಿಗೆ ರಜೆ ಸಿಗಲಿಲ್ಲ. ಮೂರ್ನಾಡು ಅಕ್ಕ, ಪಲ್ಪರ್ ಶುರುವಾಯಿತಾ?

---

ಮೂರ್ನಾಡು ಕಾಫಿ · ನವೆಂಬರ್ 23, ಸಂಜೆ 5:50

ಶುರುವಾಯಿತು. ಮೂರು ಬಕೆಟ್ ಹಣ್ಣು ಹಾಕಿ ಸೆಟ್ ಮಾಡಿದೆ. ನಿನ್ನ ಮಾರ್ಕರ್ ಗೆರೆ ಐಡಿಯಾ ನಮ್ಮ ಸ್ಕ್ರೂಗೂ ಹಾಕಿದ್ದೇನೆ. ಎರಡು ದಿನ ತೊಳೆದ ಮೇಲೆ ಅಳಿಸಿಹೋಯಿತು. ನೇಲ್ ಪಾಲಿಶ್ ಹಾಕಬೇಕು ಅಂತ ಕಾಣುತ್ತೆ.

---

ಲೇತ್ ಕುಶಾಲನಗರ · ನವೆಂಬರ್ 23, ಸಂಜೆ 6:20

ನೇಲ್ ಪಾಲಿಶ್ ಬೇಡ ಮೇಡಂ, ಅದೂ ಎದ್ದು ಹೋಗುತ್ತದೆ. ಈ ಕಡೆ ಬಂದಾಗ ಸ್ಕ್ರೂ ತನ್ನಿ, ಉಳಿಯಲ್ಲಿ ಒಂದು ಗೆರೆ ಹೊಡೆದುಕೊಡುತ್ತೇನೆ.